ಕಂಬಳಿಗೆ ಬಂದ ಕೀರ್ತಿ

ಮಳಖೇಡದ ಕಡೆಯ ಆ ಊರಿನಲ್ಲಿ ದ್ರೌಪದಿಗೆ ಸಿಟ್ಟು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಕೇಳಿದವರು ಮಾತ್ರ ಇಲ್ಲ. ಸಿಟ್ಟಿನ ಮೂಲ ಅವಳ ಅತ್ತೆಯ ಕಂಬಳಿ.

ಹೋದ ವರ್ಷ ಸುಗ್ಗಿ ರಾಶಿಯ ದಿನಗಳಲ್ಲಿ ದ್ರೌಪದಿಗೆ ಕಣಜ ಕಡಿಯಿತು. ಭಾಷಣ ಮಾಡುವವರು ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಅನ್ನುತ್ತಾರಲ್ಲ, ಆ ಕಣಜವಲ್ಲ. ತೊಗರಿಯೊಳಗೆ ಕೂತಿದ್ದ ರೆಕ್ಕೆಯ ಕಣಜ. ಮೈತುಂಬ ಗಂಧೆ ಎದ್ದವು, ಗಂಟಲು ಬಿಗಿಯಿತು. ಪಿತ್ತ ಎಂದು ಅತ್ತೆ ಅವಳಿಗೆ ತಲೆಯವರೆಗೆ ಕಂಬಳಿ ಸುತ್ತಿ ಮೇಲಿಂದ ಉಜ್ಜಿದಳು. ಉಸಿರು ಸಿಗದೆ ಒದ್ದಾಡಿದಾಗ ಗಂಡ ಸೇಡಂ ಆಸ್ಪತ್ರೆಗೆ ಹೊತ್ತೊಯ್ದ. ತೊಡೆಗೆ ಸೂಜಿ ಬಿತ್ತು, ಹೋಗುತ್ತಿದ್ದ ಜೀವ ವಾಪಸು ಬಂತು. ಅವಳು ಊರಿಗೆ ಮರಳುವಷ್ಟರಲ್ಲಿ ಸುದ್ದಿ ಮನೆಮನೆ ಮುಟ್ಟಿತ್ತು: ಕಂಬಳಿಯಿಂದ ಬದುಕಿದಳಂತೆ! ಆಮೇಲೆ ಯಾರ ಮೈ ಕೆರೆದರೂ ಆ ಕಂಬಳಿಗೇ ಕರೆ. ದ್ರೌಪದಿ ಸೂಜಿ ಸೂಜಿ ಎಂದು ಬಡಿದುಕೊಂಡರೆ ಅತ್ತೆ ಮುಖ ತಿರುವುತ್ತಿದ್ದಳು.

"ಡಾಕ್ಟರ್ ಚುಚ್ಚಿದ್ದು ನಿನಗ ನೆಪ್ಪದ, ನಾ ಹೊದಿಸಿದ್ದು ನೆಪ್ಪಿಲ್ಲ?"

ಈ ಬೇಸಿಗೆಯ ಒಂದು ಮಧ್ಯಾಹ್ನ ದ್ರೌಪದಿ ಹೊಲದಿಂದ ಬಂದಾಗ ಗೂಟದಲ್ಲಿ ಕಂಬಳಿ ಇರಲಿಲ್ಲ.

"ಯಾರು ಒಯ್ದಾರ ಅತ್ತಿ?"

"ಜಗದೇವಪ್ಪನ ಸೊಸಿ ರಾಧಿಕಾಗ ಪಿತ್ತ ಎದ್ದಾದಂತ. ಸೊಂಟ ನೋವಿಗಿ ಅಂಗಡ್ಯಾಗಿನ ಗುಳಿಗಿ ನುಂಗಿದ್ಳಂತ, ಅದರ ಕಾವು," ಎಂದಳು ಅತ್ತೆ, ಹೆಮ್ಮೆಯಿಂದ.

"ಉಸಿರು ಆಡ್ಲಿಕತ್ತಾಳೋ ಇಲ್ಲೋ ಕೇಳಿದ್ರೇನು?"

"ಯಾಕ ಆಡಂಗಿಲ್ಲ? ಕಂಬಳಿ ಹೊದ್ದಾಳಲ್ಲ!"

ಪಿತ್ತ ನೆತ್ತಿಗೇರಿದ್ದು ದ್ರೌಪದಿಗೆ. ಓಡಿದಳು.

ಜಗದೇವಪ್ಪನ ಪಡಸಾಲೆಯಲ್ಲಿ ಓಣಿಯೇ ಕೂತಿತ್ತು. ನಡುವೆ ಕಂಬಳಿಯ ಸುರುಳಿ. ಅದರೊಳಗಿಂದ ಸೀಟಿಯಂಥ ಸಣ್ಣ ಸದ್ದು.

"ನಿದ್ದಿ ಹತ್ಯಾದ. ಗೊರಕಿ ಅದು," ಎಂದ ಜಗದೇವಪ್ಪ.

ದ್ರೌಪದಿ ಕಂಬಳಿ ಹಿಡಿದು ಎಳೆದಳು.

"ಏ, ಬಿಡಬೇ! ಗಾಳಿ ಬಡೀತದ!"

"ಗಾಳಿನೇ ಬೇಕಾಗ್ಯಾದ ಕಾಕಾ ಆಕಿಗಿ!"

ಒಳಗಿದ್ದ ಮುಖ ರಾಧಿಕಾಳದು ಎಂದು ಸೀರೆಯಿಂದ ಗುರುತಿಸಬೇಕಿತ್ತು. ತುಟಿ ಊದಿದ್ದವು, ಕಣ್ಣು ಮುಚ್ಚಿಹೋಗಿದ್ದವು. ಸೆರಗಿನ ಮೇಲೆ ವಾಂತಿ. ಮಾತು ಬರಲಿಲ್ಲ, ಬಂದದ್ದು ಗಾಳಿ ಮಾತ್ರ, ಅದೂ ಅರ್ಧ.

"ಅಲರ್ಜಿ ಗುಳಿಗಿ ಕೊಟ್ಟೀವಿ. ಇಳೀತದ, ತಡಿ," ಎಂದಿತು ಒಂದು ದನಿ.

"ತಡ್ಯೋದೇನು? ಮೈಮ್ಯಾಗಿನ ಗಂಧಿ ಬಿಡ್ರಿ, ಒಳಗ ಗಂಟಲ ಮುಚ್ಚಲಿಕತ್ತದ! ತಾರೀಕ, ಟಂಟಂ ತಗೊಂಡು ಬಾಗಿಲಿಗೇ ಬಾ!" ಎಂದು ದ್ರೌಪದಿ ಜನರ ನಡುವಿದ್ದ ಆಟೋ ಹುಡುಗನಿಗೆ ಕೂಗಿದಳು.

"ರೋಡಿನ ತನಕ ನಡೀತಾಳೇಳು," ಎಂದು ಜಗದೇವಪ್ಪ ಸೊಸೆಯ ರಟ್ಟೆ ಹಿಡಿದ.

"ಒಂದ್ ಹೆಜ್ಜಿ ನಡಿಸಿ ನೋಡ್ರಿ, ನಿಮ್ಮ ಕಾಲು ಉಳ್ಯಂಗಿಲ್ಲ!"

ಎತ್ತಿ ಟಂಟಂನಲ್ಲಿ ಕೂರಿಸಿದರು. ದ್ರೌಪದಿ ಅವಳನ್ನು ಎದೆಗೆ ಒರಗಿಸಿಕೊಂಡು ದಾರಿಯುದ್ದಕ್ಕೂ ಬೈದಳು: ಮುಂದಿನ ಸಿಮೆಂಟ್ ಲಾರಿಗೆ, ತಗ್ಗುಗಳಿಗೆ, ಹಾರ್ನ್ ಹೊಡೆಯದ ತಾರೀಕನಿಗೆ, ಹಿಂದೆ ಸುಮ್ಮನೆ ಕೂತ ಜಗದೇವಪ್ಪನಿಗೆ. ಸೀಟಿಯ ಸದ್ದು ಕ್ಷೀಣವಾದಷ್ಟೂ ಅವಳ ದನಿ ಏರಿತು.

ಸೇಡಂನಲ್ಲಿ ಡಾಕ್ಟರು ತೊಡೆಗೆ ಸೂಜಿ ಹಾಕಿದರು, ಆಕ್ಸಿಜನ್ ಹಚ್ಚಿದರು. ಉಸಿರು ಮೆಲ್ಲಗೆ ಬಿಚ್ಚಿಕೊಂಡಿತು. ಆ ನೋವಿನ ಗುಳಿಗೆಯನ್ನು ಜನ್ಮದಲ್ಲಿ ಮುಟ್ಟಬೇಡಿ, ಇದು ಮರುಕಳಿಸಬಹುದು, ಬೆಳಗಿನವರೆಗೆ ಇಲ್ಲೇ ಇರಲಿ ಎಂದು ಹೇಳಿಹೋದರು.

ಸಂಜೆಗೆ ಜಗದೇವಪ್ಪನಿಗೆ ನಾಲಗೆ ಮರಳಿತು. ಪಕ್ಕದ ಕಾಟಿನವನಿಗೆ ಹೇಳುತ್ತಿದ್ದ: "ನಮ್ಮೂರಾಗ ಒಂದು ಕಂಬಳಿ ಅದರೀ. ಅರ್ಧಾ ಅದೇ ಇಳಿಸಿತ್ತು. ಉಳಿದರ್ಧಾ ಇವರು..."

ದ್ರೌಪದಿ ಬಾಯಿ ತೆರೆದಳು. ಅಷ್ಟರಲ್ಲಿ ಕಾಟಿನಿಂದ ಒಡಕು ದನಿ ಬಂತು. ಮಾವನ ಎದುರು ಎಂದೂ ದನಿ ಎತ್ತದ ರಾಧಿಕಾಳದು.

"ಮಾವ, ಅದರೊಳಗ ನಾ ಸಾಯ್ಲಿಕತ್ತಿದ್ದೆ. ಒದರಿದೆ, ಕೈ ಬಡದೆ. ನೀವು ಹೊರಗ ಚಾ ಕುಡೀಲಿಕತ್ತಿದ್ರಿ."

ಪಕ್ಕದ ಕಾಟಿನವನು ಗೋಡೆ ಕಡೆ ಹೊರಳಿದ. ಜಗದೇವಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡು, ಆರಾಮಾತಲ್ಲ, ಬಸ್ಸಿಗೆ ಹೋಗೋಣವೇ ಎಂದು ಗೊಣಗಿದ.

"ಆಕಿ ಬೆಳತನಕ ಇಲ್ಲೇ ಇರ್ತಾಳ, ನಾನೂ ಇರ್ತೀನಿ," ಎಂದಳು ದ್ರೌಪದಿ. "ನೀವು ಹೋಗ್ರಿ ಕಾಕಾ. ಈಗ ಆಕಿ ಏನಂದ್ಳು, ಅದಷ್ಟೇ ಊರಾಗ ಹೇಳ್ರಿ. ನಾಳಿ ಬಂದು ಮನಿಮನಿಗಿ ಕೇಳ್ತೀನಿ, ಏನ್ ಹೇಳೀರಿ ಅಂತ."