ತಟ್ಟೆಯ ಮೇಲೆ ಹನ್ನೆರಡು ಪದ

ಅವರ ಹುಬ್ಬಿನ ಕೂದಲಲ್ಲಿ ಸ್ಟೀಲಿನ ಸಣ್ಣ ಪುಡಿ ಸದಾ ಮಿನುಗುತ್ತಿತ್ತು. ಪಾತ್ರೆಯ ಮೇಲೆ ಹೆಸರು ಕೆತ್ತುವ ಯಂತ್ರವನ್ನು ಪೆನ್ನಿನಂತೆ ಹಿಡಿದು ಬಗ್ಗಿ ಕುಳಿತರೆ, ಕಣ್ಣಿಗೂ ತಂಬಿಗೆಗೂ ನಡುವೆ ಗೇಣು ಜಾಗವೂ ಇರುತ್ತಿರಲಿಲ್ಲ. ಮೈಸೂರಿನ ಅಗ್ರಹಾರದ ಒಂದು ಪಾತ್ರೆ ಅಂಗಡಿಯ ಜಗಲಿಯೇ ಅವರ ಕೆಲಸದ ಜಾಗ. ಬೀದಿಯವರೆಲ್ಲ ಯಜಮಾನರು ಎಂದು ಕರೆಯುತ್ತಿದ್ದರು. ನನ್ನ ಮದುವೆಯ ಪಾತ್ರೆಗಳ ಮೇಲಿರುವ ಹೆಸರೂ ಅವರ ಕೈಯದೇ.

ಅವರಿಗೆ ಕನ್ನಡ ಬಿಟ್ಟು ಬೇರೆ ಯಾವುದೂ ಓದಲು ಬರುತ್ತಿರಲಿಲ್ಲ. ಆದರೂ ಉರ್ದು, ತಮಿಳು, ಇಂಗ್ಲಿಷ್, ಯಾವುದನ್ನು ಚೀಟಿಯಲ್ಲಿ ಬರೆದುಕೊಟ್ಟರೂ ತಪ್ಪಿಲ್ಲದೆ ಕೆತ್ತುತ್ತಿದ್ದರು. "ನಾನು ಓದಲ್ಲ ಕಣಮ್ಮ, ನೋಡ್ತೀನಿ. ಅಕ್ಷರಾನೂ ಒಂದು ಚಿತ್ರ ತಾನೇ" ಎನ್ನುತ್ತಿದ್ದರು. ಯೋಗ ಕಲಿಯಲು ಮೈಸೂರಿಗೆ ಬರುವ ವಿದೇಶಿಯರು ಲೋಟದ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿಕೊಳ್ಳಲು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕೆಲಸ ಮುಗಿದು ಹಣ ಕೊಡುವಾಗ ಪರದಾಟ ಶುರುವಾಗುತ್ತಿತ್ತು. ಆ ವಿದೇಶಿಯರ ಫೋನಿನಲ್ಲಿ ನಮ್ಮ ಯುಪಿಐ ಇಲ್ಲ, ಕೈಯಲ್ಲಿ ಐನೂರರ ನೋಟು, ಯಜಮಾನರ ಹತ್ತಿರ ಚಿಲ್ಲರೆ ಇಲ್ಲ.

ನಾನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವವಳು. ಬಿಟ್‌ಕಾಯಿನ್ ಬಗ್ಗೆ ಓದಿ, ಸ್ವಲ್ಪ ಬಳಸಿಯೂ ನೋಡಿದ ಮೇಲೆ, ಯಾವ ದೇಶದವರೂ ಫೋನಿನಿಂದ ಫೋನಿಗೆ ಕಳಿಸಬಹುದಾದ್ದರಿಂದ ಇಂಥ ಸಣ್ಣ ಅಂಗಡಿಯವರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ಹುಟ್ಟಿತ್ತು. ಭಾನುವಾರಗಳಲ್ಲಿ ನಾನು ಹುಟ್ಟಿ ಬೆಳೆದ ಆ ಬೀದಿಗೆ ಹೋಗಿ ಅಂಗಡಿಯಿಂದ ಅಂಗಡಿಗೆ ಸುತ್ತತೊಡಗಿದೆ. ಉಳಿದವರು ನಕ್ಕು ಕಳಿಸಿದರು. ಯಜಮಾನರು ಮಾತ್ರ ಮಣೆ ಹಾಕಿ ಕೂರಿಸಿದರು.

"ಇದರ ಬೆಲೆ ಬೀಳುತ್ತಾ?" ಎಂದು ಕೇಳಿದರು.

"ಬೀಳುತ್ತೆ. ಒಂದೊಂದ್ಸಲ ಜೋರಾಗೇ ಬೀಳುತ್ತೆ."

"ಸರ್ಕಾರಕ್ಕೆ ಲೆಕ್ಕ ತೋರಿಸ್ಬೇಕಾ?"

"ತೋರಿಸ್ಬೇಕು. ತೆರಿಗೇನೂ ಕಟ್ಟಬೇಕು."

"ಬೀಳಲ್ಲ ಅಂದಿದ್ರೆ ಎದ್ದು ಹೋಗು ಅಂತಿದ್ದೆ. ಸರಿ, ಆ್ಯಪ್ ಹಾಕ್ಕೊಡು."

ಕಳೆದುಹೋದರೂ ಊಟ ಬಿಡಬೇಕಾಗದಷ್ಟನ್ನು ಮಾತ್ರ ಅದರಲ್ಲಿ ಇಡುವುದು ಎಂದು ಅವರೇ ನಿಯಮ ಮಾಡಿದರು. ಮೊದಲ ಗಿರಾಕಿ ಕಳಿಸಿದ ಹಣ ಬಂದು ಫೋನ್ ಟಿಣ್ ಎಂದಾಗ ಪಕ್ಕದ ಊದುಬತ್ತಿ ಅಂಗಡಿಯ ಅಕ್ಕ ಇಣುಕಿ ನೋಡಿದರು. ಮುಂದಿನ ವಾರ ಅವರೂ ಸೇರಿದರು. ಮಳೆಗಾಲದ ಹೊತ್ತಿಗೆ ಆ ಬೀದಿಯಲ್ಲಿ ಹನ್ನೊಂದು ಅಂಗಡಿಗಳಾದವು.

ತೊಡಕು ಇದ್ದದ್ದು ಇನ್ನೊಂದು ಕಡೆ. ಫೋನ್ ಕಳೆದರೂ ಹಣ ಉಳಿಯಲೆಂದು ಆ್ಯಪ್ ಪ್ರತಿಯೊಬ್ಬರಿಗೂ ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಹೊಸ ಫೋನಿನಲ್ಲಿ ಆ ಪದಗಳನ್ನು ಹಾಕಿದರೆ ಹಣ ಮರಳಿ ಸಿಗುತ್ತದೆ; ಬೇರೆಯವರು ಹಾಕಿದರೆ ಅವರಿಗೂ ಸಿಗುತ್ತದೆ. ನಮ್ಮ ಅಂಗಡಿಯವರು ಕ್ಯಾಲೆಂಡರಿನ ಹಿಂದೆಯೋ ರಟ್ಟಿನ ಚೂರಿನ ಮೇಲೋ ಬರೆದಿಟ್ಟು ಎಲ್ಲಿಟ್ಟೆವೆಂದು ಮರೆಯುತ್ತಿದ್ದರು. ನಾನು ಎಲ್ಲರ ಪದಗಳನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಒಂದು ಭಾನುವಾರ ಅದನ್ನು ಯಜಮಾನರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಯಂತ್ರ ಆರಿಸಿದರು.

"ಇವರೆಲ್ಲರ ದುಡ್ಡು ಈಗ ಯಾರದು?"

"ಅವರದೇ."

"ಈ ಪುಸ್ತಕ ನಿನ್ನ ಬ್ಯಾಗಲ್ಲಿ ಇರೋವರೆಗೂ ನಿನ್ನದು ಕಣಮ್ಮ. ನೀನು ಒಳ್ಳೆಯವಳು, ಒಪ್ಕೊಂಡೆ. ನಿನ್ನ ಬ್ಯಾಗ್ ಕದಿಯೋನೂ ಒಳ್ಳೆಯವನಾ?"

ನನ್ನ ಮುಖ ಬಿಸಿಯಾಯಿತು. ನನ್ನನ್ನೇ ಕಳ್ಳಿಯಂತೆ ಕಾಣುತ್ತಿದ್ದಾರೆ ಎನ್ನಿಸಿ ಸಿಟ್ಟೂ ಬಂತು. "ಅರ್ಧ ಜನಕ್ಕೆ ಇಂಗ್ಲಿಷ್ ಓದೋಕೇ ಬರಲ್ಲ, ನಾನೇನು ಮಾಡ್ಲಿ" ಎಂದೆ.

"ಓದೋದ್ಯಾಕೆ? ನೋಡ್ಕೊಂಡು ಕೆತ್ತಲಿ. ನಾನು ಕಲಿಸ್ತೀನಿ."

ಮುಂದಿನ ಭಾನುವಾರ ಹನ್ನೊಂದು ಸಣ್ಣ ಸ್ಟೀಲ್ ತಟ್ಟೆಗಳನ್ನು ತಮ್ಮ ಖರ್ಚಿನಲ್ಲಿ ತಂದಿಟ್ಟಿದ್ದರು. ನನ್ನ ಕಣ್ಣಿಗೆ ಬಿದ್ದ ಪದಗಳು ಬೇಡವೆಂದು ಎಲ್ಲರಿಗೂ ಹೊಸ ಖಾತೆ ಮಾಡಿಸಿ, ಇದ್ದ ಹಣವನ್ನು ಅದಕ್ಕೆ ದಾಟಿಸಿದೆ. ಒಂದು ಪದಕ್ಕೆ ಮೊದಲ ನಾಲ್ಕು ಅಕ್ಷರ ಸಾಕು, ಆ್ಯಪ್ ಗುರುತಿಸುತ್ತದೆ ಎಂದು ತಿಳಿಸಿದೆ. ಯಂತ್ರ ಹಿಡಿಯುವುದನ್ನು ಯಜಮಾನರು ಹೇಳಿಕೊಟ್ಟರು. ಆಮೇಲೆ ಒಬ್ಬೊಬ್ಬರನ್ನೇ ಅವರವರ ಫೋನು, ತಟ್ಟೆಯೊಂದಿಗೆ ಅಂಗಡಿಯೊಳಗೆ ಕೂರಿಸಿ, ತಾವು ಬೀದಿಯ ಕಡೆ ಮುಖ ಮಾಡಿ ಕುಳಿತರು. ನನ್ನನ್ನೂ ಹಾಗೇ ಕೂರಿಸಿದರು. ಊದುಬತ್ತಿ ಅಂಗಡಿಯ ಅಕ್ಕನಿಗೆ ಒಂದು ಗಂಟೆ ಹಿಡಿಯಿತು. ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಬಂದು, "ಎಂಗೋ ಬರೆದ್ಬುಟ್ಟೆ. ನಮ್ಮ ಮನೆಯವರಿಗೂ ತೋರ್ಸಾಕಿಲ್ಲ" ಎಂದರು. ನನ್ನ ನೋಟ್‌ಬುಕ್ ಎದುರಿನ ಟೀ ಅಂಗಡಿಯ ಒಲೆಗೆ ಹೋಯಿತು.

ದಸರಾ ಕಳೆದ ಮೇಲೆ ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ಆ ಅಕ್ಕನ ಫೋನನ್ನು ಯಾರೋ ಎಗರಿಸಿದರು. ಮಾವನ ಹೆಸರಿದ್ದ ಹಳೆಯ ಬೋರ್ಡ್ ತೆಗೆದು ತನ್ನ ಹೆಸರಿನ ಬೋರ್ಡ್ ಹಾಕಿಸಬೇಕೆಂದು ಕೂಡಿಟ್ಟ ಹಣ ಅದರಲ್ಲಿತ್ತು. ಯಾರದೋ ಫೋನಿನಿಂದ ಕಾರ್ಖಾನೆಗೆ ಕರೆ ಮಾಡಿ, "ನನ್ ಪದ ನಿನ್ ಪುಸ್ತಕದಲ್ಲಿ ಇತ್ತಲ್ವಾ ಕಣಮ್ಮ?" ಎಂದರು.

"ಅದನ್ನ ಸುಟ್ಬುಟ್ವಲ್ಲ ಅಕ್ಕ."

ಅಕ್ಕ ಫೋನ್ ಇಟ್ಟುಬಿಟ್ಟರು. ನನಗೂ ಒಂದು ಗಳಿಗೆ ಯಜಮಾನರ ಮೇಲೆ ಕೋಪ ಬಂತು. ಕೆಲಸ ಮುಗಿಸಿ ಯಜಮಾನರ ಜಗಲಿಗೆ ಓಡಿಹೋದಾಗ ಅಕ್ಕ ಮಗಳ ಫೋನನ್ನೂ ತಟ್ಟೆಯನ್ನೂ ಹಿಡಿದು ಒಳಗೆ ಕುಳಿತಿದ್ದರು. ಏಳನೆಯ ಪದವನ್ನು ಆ್ಯಪ್ ಒಪ್ಪುತ್ತಿಲ್ಲ ಎಂದರು. ನಾನು ಒಳಗೆ ಹೊರಟೆ. ಬೀದಿಗೆ ಮುಖ ಮಾಡಿ ಕುಳಿತಿದ್ದ ಯಜಮಾನರು ಕೈ ಅಡ್ಡ ಹಿಡಿದು, ತಿರುಗದೆಯೇ ಅಕ್ಕನಿಗೆ, "ಕುಂಕುಮ ಸವರಿ ಒರ್ಸಮ್ಮ. ಗೀಟು ಎದ್ದು ಕಾಣುತ್ತೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಕೆಂಪು ಬೆರಳಿನಲ್ಲಿ ಫೋನ್ ಹಿಡಿದು ಹೊರಗೆ ಬಂದರು. ಹಣ ಅಷ್ಟೂ ಇತ್ತು.

ನನಗೆ ನೆಮ್ಮದಿಯ ಜೊತೆಗೆ ಸಣ್ಣದೊಂದು ಪೆಚ್ಚು. ಯಜಮಾನರಿಗೆ ಅದು ಗೊತ್ತಾಯಿತು. "ನೀನಿಲ್ದೇ ಅವರ ಕೆಲಸ ಆಯ್ತು. ಚೆನ್ನಾಗಿ ಕಲಿಸಿದ್ದೀಯ ಅಂತ ಅರ್ಥ" ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಎರಡೇ ದಿನದಲ್ಲಿ ತೀರಿಹೋದರು. ಬೀದಿಯ ಅಂಗಡಿಗಳೆಲ್ಲ ಅಂದು ಬಾಗಿಲು ಹಾಕಿದ್ದವು.

ಈಗ ನನ್ನ ಭಾನುವಾರಗಳು ಕಡಕೊಳದ ಅಂಗಡಿಗಳಲ್ಲಿ ಕಳೆಯುತ್ತವೆ. ಮೊನ್ನೆ ಅಲ್ಲಿನ ಹೋಟೆಲಿನವರೊಬ್ಬರು, "ಆ ಪದ ಎಲ್ಲ ನೀವೇ ಇಟ್ಕೊಳ್ಳಿ ಮೇಡಂ, ನಿಮ್ಮ ಮೇಲೆ ನಂಬಿಕೆ ಐತೆ" ಎಂದರು. ಜನ ನಂಬಿ ಕೊಟ್ಟರೂ ತೆಗೆದುಕೊಳ್ಳಬಾರದ್ದು ಇರುತ್ತದೆ ಎಂದು ನನಗೆ ಕಲಿಸಿದವರು ಯಜಮಾನರು. ಆ ಋಣ ತೀರುವಂಥದ್ದಲ್ಲ. ಫೋನನ್ನು ಹೋಟೆಲಿನವರ ಕೈಗೇ ಕೊಟ್ಟು ಹೊರಗೆ ಬಂದೆ. ಬರೆದಾಯಿತು ಎಂದು ಅವರು ಕೂಗಿ ಕರೆಯುವವರೆಗೂ ನಂಜನಗೂಡು ರಸ್ತೆಯ ಲಾರಿಗಳನ್ನು ನೋಡುತ್ತ ನಿಂತಿದ್ದೆ.