ಹನ್ನೊಂದನೆಯ ನೋಟೀಸು

‘ಮರೆಯಲ್ಲಿ ಒಂದೂ ಅಂಟಿಸೋದಿಲ್ಲ ಅಪ್ಪಾ. ನನ್ನ ಕೈಯಿಂದ ಹೋದ ಕಾಗದ ಜನರ ಕಣ್ಣಿಗೆ ಬಿದ್ದೇ ಬೀಳುತ್ತೆ.’

ನಗರ ಯೋಜನಾ ಕಚೇರಿಯಲ್ಲಿ ನೋಟೀಸು ಅಂಟಿಸುವ ಕೆಲಸ ಸಿಕ್ಕಿದ ದಿನ, ಇಪ್ಪತ್ತಾರು ವರ್ಷಗಳ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು ತಂದೆಗೆ ಕೊಟ್ಟ ಮಾತು ಇದು. ತಂದೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ‘ನೋಡೋಣ’ ಅಂದರು, ಅಷ್ಟೆ.

ಈಗ ಬೆಳಗಿನ ಐದೂಮುಕ್ಕಾಲು. ಊರಂಚಿನ ಹಿಂದಿನ ಓಣಿಯಲ್ಲಿ, ಬಯಲಿಗೆ ಬೆನ್ನು ಕೊಟ್ಟು ನಿಂತ ಉದ್ದನೆಯ ಗೋಡೆಯ ಮುಂದೆ ಆ ಮಗಳು ಸೈಕಲ್ಲಿನಿಂದ ಬಕೆಟ್ ಇಳಿಸುತ್ತಿದ್ದಾರೆ. ವಯಸ್ಸು ಐವತ್ತೊಂದು. ಕಚೇರಿಯಲ್ಲಿ ಸಾಹೇಬರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ‘ಅಂಟಕ್ಕ’. ಬಕೆಟ್ಟಿನಲ್ಲಿರುವುದು ಮನೆಯ ಒಲೆಯ ಮೇಲೆ ಕುದಿಸಿದ ಮೈದಾ ಅಂಟು, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದ್ದು. ಇನ್ನೂ ಬೆಚ್ಚಗಿದೆ.

ಮೊದಲು ಒಣ ಬ್ರಷ್ಷಿನಿಂದ ಗೋಡೆಯ ದೂಳು ಝಾಡಿಸುತ್ತಾರೆ. ಅಂಟು ಬಳಿದು, ಕಾಗದವನ್ನು ತಮ್ಮ ಗಲ್ಲದ ಎತ್ತರಕ್ಕೆ ಹಿಡಿದು, ಹಳೇ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸುತ್ತಾರೆ. ‘ಇನ್ನೂ ಮೇಲೆ ಹೋದ್ರೆ ಕುಳ್ಳಗಿರೋರಿಗೆ ಎಟುಕಲ್ಲ, ಕೆಳಗೆ ಬಂದ್ರೆ ಕನ್ನಡಕದೋರಿಗೆ ಕಷ್ಟ’ ಎನ್ನುವುದು ಅವರ ಲೆಕ್ಕ. ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು, ಪೂರ್ತಿ ನೋಟೀಸನ್ನು ಒಂದು ಸಲ ಜೋರಾಗಿ ಓದುತ್ತಾರೆ. ಕೊನೆಗೆ ಕೆಳಗಡೆ, ನೀಲಿ ಬಳಪದಲ್ಲಿ, ಅಂಗೈಯಗಲದ ಅಂಕಿಗಳಲ್ಲಿ, ತಕರಾರು ಸಲ್ಲಿಸಲು ಕೊನೆಯ ದಿನ ಯಾವುದೆಂದು ಬರೆಯುತ್ತಾರೆ.

ಈ ನೀಲಿ ಅಂಕಿ ಯಾವ ನಿಯಮದಲ್ಲೂ ಇಲ್ಲ. ಸಾಹೇಬರೊಬ್ಬರು ಹಿಂದೊಮ್ಮೆ ಆಕ್ಷೇಪಿಸಿದ್ದರು. ‘ಬರೀಬೇಡ ಅಂತಲೂ ಇಲ್ಲವಲ್ಲ ಸರ್’ ಎಂದರಂತೆ ಅಂಟಕ್ಕ. ಸಾಹೇಬರು ಮುಂದಿನ ಕಡತ ಬಿಚ್ಚಿದರು.

ಹಾಲಿನ ಕ್ಯಾನು ಹೊತ್ತು ಬಂದ ಓಣಿಯ ಹೆಂಗಸು ನಿಂತು ನೋಡುತ್ತಾಳೆ. ‘ಏನಕ್ಕಾ, ಇದೇ ಗೋಡೆಗೆ ಎರಡನೇ ಮದುವೇನಾ?’

‘ಹೂಂ ಕಣೇ. ಮೊದಲನೇದು ನಾನೇ ಕೆಡಿಸಿದೆ’ ಎನ್ನುತ್ತಾರೆ ಅಂಟಕ್ಕ, ಬ್ರಷ್ ತೊಳೆಯುತ್ತಾ.

ಆ ಕೆಡಿಸಿದ ಕಥೆಗೆ ಮುನ್ನ ತಂದೆಯ ಕಥೆ ಹೇಳಬೇಕು. ಅವರು ಬಡಗಿ. ಸಣ್ಣ ಕಸುಬುಗಳಿಗೆಂದು ಮೀಸಲಿದ್ದ ಬೀದಿಯಲ್ಲಿ ಅವರದೊಂದು ಶೆಡ್ಡಿತ್ತು. ಒಂದು ದಿನ ಆ ಬೀದಿ ನಕ್ಷೆಯಲ್ಲಿ ವಸತಿ ವಲಯವಾಗಿ ಬಣ್ಣ ಬದಲಾಯಿಸಿತು. ಅದರ ನೋಟೀಸು ಅಂಟಿಸಿದ್ದು ಬೀಗ ಹಾಕಿದ ಪಂಪ್‌ಹೌಸಿನ ಬಾಗಿಲಿನ ಒಳಮೈಗೆ. ವಿಷಯ ತಿಳಿದದ್ದು ಕೆಡವುವ ಯಂತ್ರ ಬಂದು ನಿಂತಾಗ. ‘ನಮಗೆ ಗೊತ್ತೇ ಆಗಲಿಲ್ಲ’ ಎಂದು ತಂದೆ ವರ್ಷವಿಡೀ ಕಚೇರಿ ಕಚೇರಿ ಅಲೆದರು. ಎಲ್ಲ ಕಡೆಯೂ ಒಂದೇ ಉತ್ತರ: ‘ಅಂಟಿಸಿದ್ದೀವಲ್ಲ.’

ಅಂಥ ಕಚೇರಿಗೇ ಮಗಳು ಕೆಲಸಕ್ಕೆ ಸೇರಿದ್ದು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಾಗದ. ಹದಿನೈದು ಕಿಲೋಮೀಟರು ಸೈಕಲ್ಲು. ಅಂಟಿಸಿ ಕೈ ತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಮೂರನೆಯ ದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡುತ್ತಾರೆ. ಹರಿದಿದ್ದರೆ ಹೊಸದು, ಮುಂದೆ ಗಾಡಿ ನಿಂತಿದ್ದರೆ ಗಾಡಿಯವನಿಗೆ ನಾಲ್ಕು ಮಾತು.

ಈ ಓಣಿಯ ಹಿಂದಿನ ಬಯಲಿನಲ್ಲಿ ಸಾವಿರದ ನೂರು ಮನೆಗಳ ಬಡಾವಣೆ ಏಳಬೇಕೆಂಬ ಪ್ರಸ್ತಾಪ ಬಂದಾಗ ಅಂಟಕ್ಕ ಸುತ್ತಲೂ ಹನ್ನೊಂದು ನೋಟೀಸು ಅಂಟಿಸಿದರು. ತೆರೆದ ಬಯಲು ವಸತಿ ವಲಯವಾಗುತ್ತದೆ, ಅಲ್ಲಿನ ವಾಹನಗಳೆಲ್ಲ ಈ ಓಣಿಯಲ್ಲೇ ಓಡಾಡುತ್ತವೆ, ತಕರಾರಿದ್ದರೆ ಮೂವತ್ತು ದಿನದೊಳಗೆ ತಿಳಿಸಿ ಎಂಬುದು ಒಕ್ಕಣೆ. ಮೂರನೆಯ ದಿನ ಅವರು ನೋಡಲು ಹೋಗಲಿಲ್ಲ. ಬಸ್ ಓಡಿಸುವ ಗಂಡನಿಗೆ ಅಂದು ಕಣ್ಣಿನ ಆಪರೇಷನ್. ಒಂಬತ್ತನೆಯ ದಿನ ಹೋದರೆ, ಇದೇ ಗೋಡೆಯ ಮೇಲಿದ್ದ, ಈ ಓಣಿಗೆಲ್ಲ ಒಂದೇ ಆದ ಹನ್ನೊಂದನೆಯ ನೋಟೀಸಿನ ಮುಂದೆ ಆಳೆತ್ತರದ ಜಾಹೀರಾತು ಫಲಕ ನಿಂತಿದೆ! ಅದೇ ಬಡಾವಣೆಯದು. ನಗುನಗುತ್ತ ಬಾಲ್ಕನಿಯಲ್ಲಿ ನಿಂತ ಸಂಸಾರದ ಚಿತ್ರ. ನಿಲ್ಲಿಸಿ ಆರು ದಿನವಾಯಿತೆಂದ ಬಯಲಿನ ಕಾವಲುಗಾರ. ಅಂಟಕ್ಕ ನಿಂತಲ್ಲೇ ನಿಂತು ಜಗಳವಾಡಿ ಅದನ್ನು ಎತ್ತಿಸಿದರು. ಆದರೆ ಕಚೇರಿಗೆ ತಿಳಿಸಲಿಲ್ಲ. ಎತ್ತಿಸಿದೆನಲ್ಲ, ಮುಗಿಯಿತು ಅಂದುಕೊಂಡರು.

ಮುಗಿದಿರಲಿಲ್ಲ. ಓಣಿಯ ನಲವತ್ತು ಮನೆಗಳವರ ತಕರಾರು ಕಚೇರಿ ತಲುಪುವ ಹೊತ್ತಿಗೆ ಗಡುವು ದಾಟಿ ನಾಲ್ಕು ದಿನವಾಗಿತ್ತು. ಕಳೆದ ವಾರ ನಡೆದ ವಿಚಾರಣೆಯಲ್ಲಿ ಬಡಾವಣೆ ಕಟ್ಟುವವರ ವಕೀಲರು, ತಡವಾಗಿ ಬಂದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದೆಂದರು. ಓಣಿಯ ಸೈಕಲ್ ರಿಪೇರಿಯ ಮುದುಕರು ಎದ್ದು ನಿಂತು, ‘ನಮಗೆ ಗೊತ್ತೇ ಆಗಲಿಲ್ಲ ಸ್ವಾಮಿ. ಗೊತ್ತಾಗಿ ನಲವತ್ತು ಮನೆಯವರ ಸಹಿ ಕೂಡಿಸೋಷ್ಟರಲ್ಲಿ ದಿನ ಮುಗಿದಿತ್ತು’ ಎಂದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಂಟಕ್ಕನನ್ನು ಮುಂದೆ ಕರೆದರು. ಹನ್ನೊಂದೂ ಸರಿಯಾಗಿದ್ದವೇ ಎಂದು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಶಾಸ್ತ್ರಕ್ಕೆ ಕೇಳಿದರು. ಹೌದೆಂದರೆ ಸಾಕಿತ್ತು.

‘ಹತ್ತು ಸರಿಯಾಗಿದ್ವು ಸರ್. ಹನ್ನೊಂದನೇದು ಆರು ದಿನ ಯಾರಿಗೂ ಕಾಣಿಸ್ತಿರಲಿಲ್ಲ.’

‘ಅಂಟಿಸಿದ್ದಂತೂ ನಿಜ ತಾನೇ?’ ವಕೀಲರು ಕೇಳಿದರು.

‘ನಿಜ. ಆದ್ರೆ ಗೋಡೆ ಓದ್ಲಿ ಅಂತ ಅಂಟಿಸೋದಲ್ವಲ್ಲ ಸ್ವಾಮಿ.’

ಸಭೆ ನಕ್ಕಿತು. ಅಧಿಕಾರಿ ನಗಲಿಲ್ಲ. ‘ನೀವ್ಯಾಕೆ ಮೊದಲೇ ಹೋಗಿ ನೋಡಲಿಲ್ಲ?’

‘ಮನೆಯವರ ಕಣ್ಣಿನ ಆಪರೇಷನ್ ಇತ್ತು. ಅದು ನೆಪ ಸರ್. ನೋಡದೇ ಇದ್ದಿದ್ದು, ನೋಡಿದ ಮೇಲೆ ಹೇಳದೇ ಇದ್ದಿದ್ದು, ಎರಡೂ ನನ್ನ ತಪ್ಪೇ.’

ಅಧಿಕಾರಿ ಹೊಸ ನೋಟೀಸು, ಹೊಸ ಮೂವತ್ತು ದಿನ ಎಂದು ಆದೇಶ ಬರೆಸಿದರು. ಅಂಟಕ್ಕನಿಗೂ ಒಂದು ನೋಟೀಸು ಸಿಕ್ಕಿದೆ, ಕಾರಣ ಕೇಳಿ. ಅದರ ಬಗ್ಗೆ ಕೇಳಿದರೆ ನಗುತ್ತಾರೆ: ‘ನನಗೆ ಬಂದಿದ್ದನ್ನ ಮಾತ್ರ ಯಾರೂ ಅಂಟಿಸಲಿಲ್ಲ, ಕೈಗೇ ಕೊಟ್ರು.’

ಬಡಾವಣೆ ಬೇಡವೆಂಬುದು ಅವರ ವಾದವಲ್ಲ. ಸ್ವಂತ ಮಗಳೇ ಅಲ್ಲೊಂದು ಮನೆಗೆ ಹೆಸರು ಬರೆಸಲು ಕಾದಿದ್ದಾಳೆ. ‘ಎಲ್ಲರ ಅಮ್ಮಂದಿರು ಮಕ್ಕಳಿಗೆ ಮನೆ ಹುಡುಕ್ತಾರೆ, ನೀನು ತಡ ಮಾಡಿಸ್ತೀಯ’ ಎಂದು ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ‘ಮನೆ ಏಳ್ಲಿ ಬಿಡಿ, ಜನಕ್ಕೆ ಬೇಕಲ್ಲ. ಆದ್ರೆ ಪಕ್ಕದೋರನ್ನ ಕೇಳಿ ಏಳ್ಲಿ’ ಎನ್ನುತ್ತಾರೆ ಅಂಟಕ್ಕ.

ಬಿಸಿಲೇರುವಷ್ಟರಲ್ಲಿ ಗೋಡೆಯ ಮುಂದೆ ಎಂಟು ಜನ ಸೇರಿದ್ದಾರೆ. ಸೈಕಲ್ ರಿಪೇರಿಯ ಮುದುಕರು ನೀಲಿ ಅಂಕಿಯನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಾರೆ. ‘ಈ ಸಲ ನಾಳೆಯೇ ಕೊಟ್ಟುಬಿಡ್ತೀವಮ್ಮ’ ಎನ್ನುತ್ತಾರೆ.

ವಿಚಾರಣೆ ಮುಗಿದ ಸಂಜೆ ಅಂಟಕ್ಕ ಮನೆಗೆ ಹೋಗಿ, ಜೊತೆಗೇ ಇರುವ ಎಂಬತ್ತೆರಡರ ತಂದೆಯ ಎದುರು ಕೂತು ಹೇಳಿದ್ದರು. ‘ಒಂದು ಮರೆಗೆ ಹೋಯ್ತಪ್ಪ.’

‘ಅದನ್ನ ಅಲ್ಲಿ ಯಾರು ಹೇಳಿದ್ರು?’

‘ನಾನೇ ಹೇಳಿದೆ.’

‘ಸರಿ, ಕೈ ತೊಳ್ಕೊಂಡು ಬಾ, ಊಟ ಮಾಡೋಣ’ ಅಂದರು ತಂದೆ.

ಇಪ್ಪತ್ತಾರು ವರ್ಷದ ಹಿಂದೆ ಕೊಟ್ಟ ಮಾತು ಒಂದೇ ಒಂದು ಸಲ ಮುರಿದಿದೆ, ಆರು ದಿನ.