ಆಗದೇ ಹೋದ ಡಿಕ್ಕಿ

ವಾಯುಪಡೆಯಿಂದ ನಿವೃತ್ತನಾಗಿ ಬನಹಟ್ಟಿಗೆ ಮರಳಿದ ಮೇಲೆ ಎರಡು ವರ್ಷ ಮನೆಯಲ್ಲಿ ಸುಮ್ಮನೆ ಕೂತೆ. ತಂದೆಯ ಕಾಲದ ಮಗ್ಗಗಳನ್ನು ತಮ್ಮ ನೋಡಿಕೊಳ್ಳುತ್ತಿದ್ದ. ನನಗೆ ಆ ಕೆಲಸ ಒಗ್ಗಲಿಲ್ಲ. ಸೇವೆಯುದ್ದಕ್ಕೂ ನಾನು ಮಾಡಿದ್ದು ಒಂದೇ: ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಪುರದಲ್ಲಿ ಕೂತು, ಯಾವ ವಿಮಾನ ಮೊದಲು ಇಳಿಯಬೇಕು, ಯಾವುದು ಕಾಯಬೇಕು ಎಂದು ಪೈಲಟ್‌ಗಳಿಗೆ ಹೇಳುವುದು. ಆ ವಿದ್ಯೆ ನಮ್ಮೂರಲ್ಲಿ ಯಾರಿಗೆ ಬೇಕು? "ಬಸ್ ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಆಗಿಬಿಡೋ" ಎಂದು ಗೆಳೆಯರು ನಗುತ್ತಿದ್ದರು.

ಹೀಗಿರುವಾಗ ಮುಧೋಳದ ಹೊರಗೆ ಕಟ್ಟಿದ್ದ ಹೊಸ ಆಸ್ಪತ್ರೆಯೊಂದರಲ್ಲಿ ಭದ್ರತೆಯ ಮೇಲ್ವಿಚಾರಕನ ಕೆಲಸ ಸಿಕ್ಕಿತು. ನನ್ನನ್ನು ಕರೆಯಲು ಕಾರಣ ಆಸ್ಪತ್ರೆಯ ಹಿಂದಿನ ಹೆಲಿಪ್ಯಾಡು. ಸುತ್ತ ಕಬ್ಬು, ನಡುವೆ ಸಿಮೆಂಟಿನ ಒಂದು ಚೌಕ, ಅದರ ಮೇಲೆ ಬಿಳಿ ಬಣ್ಣದ ದೊಡ್ಡ ಅಕ್ಷರ. ಸುತ್ತಲ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಆಸ್ಪತ್ರೆಗೂ ಅಂಥದ್ದಿಲ್ಲ ಎಂಬ ಹೆಮ್ಮೆ ಅದನ್ನು ಕಟ್ಟಿಸಿದ ದೊಡ್ಡ ಡಾಕ್ಟರಿಗೆ ಇತ್ತು. ಹೃದಯದ ಕಾಯಿಲೆಯವರನ್ನೋ ಅಪಘಾತದವರನ್ನೋ ದೊಡ್ಡ ಊರಿಗೆ ಒಯ್ಯಲು ಅಪರೂಪಕ್ಕೊಮ್ಮೆ ಹೆಲಿಕಾಪ್ಟರ್ ಬರುತ್ತಿತ್ತು. ಬಂದ ದಿನ ಪ್ಯಾಡಿನ ಸುತ್ತ ಜನ ನಿಲ್ಲದಂತೆ, ನಾಯಿ ನುಗ್ಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲ ಸಲ ಒಂದು ಬಂದಿಳಿದಾಗಲೇ ನಾನು ಹೆದರಿದೆ. ಅದು ಎಲ್ಲಿಂದ ಬರುತ್ತದೆ, ಎಷ್ಟೊತ್ತಿಗೆ ಬರುತ್ತದೆ ಎಂಬುದು ನೆಲದ ಮೇಲಿದ್ದ ಯಾರಿಗೂ ಗೊತ್ತಿರಲಿಲ್ಲ. ಪೈಲಟ್ ಜೊತೆ ಮಾತಾಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆ ವಾರವೇ ದೊಡ್ಡ ಡಾಕ್ಟರ ಕೋಣೆಗೆ ಹೋದೆ.

"ಸರ, ಕೈಯಾಗ ಹಿಡಿಯೋ ರೇಡಿಯೋ ಒಂದು ಬೇಕರಿ. ಪೈಲಟ್ ಜೊತಿ ಮಾತಾಡಾಕ."

"ಯಾಕ್ರಿ? ಅವರಿಗೆ ದಾರಿ ಗೊತ್ತಿರ್ತೈತಲ್ಲ."

"ದಾರಿ ಅಲ್ರಿ ಸರ. ಒಮ್ಮೆಲೇ ಎರಡು ಬಂದ್ರ? ಒಂದಕ್ಕ ಇನ್ನೊಂದು ಬರೋದು ಗೊತ್ತಿರಂಗಿಲ್ಲ. ಒಂದನ್ನ ಜಮಖಂಡಿ ಗುಡ್ಡದ ಮ್ಯಾಲ ಕಾಯಸಬೇಕು, ಇಲ್ಲಾ ಗಲಗಲಿ ಹೊಳಿ ಮ್ಯಾಲ. ಒಂದು ಎದ್ದು ಹ್ವಾದ ಮ್ಯಾಲ ಇನ್ನೊಂದನ್ನ ಕರೀಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ವರ್ಷಕ್ಕ ಒಂದೋ ಎರಡೋ ಬರ್ತಾವ. ಎರಡೂ ಕೂಡಿ ಬರಾಕ ಇಲ್ಲೇನು ಲಗ್ನ ಐತೇನ್ರಿ?"

ಆ ರೇಡಿಯೋಕ್ಕೆ ದಿಲ್ಲಿಯ ಪರವಾನಗಿ ಬೇಕಿತ್ತು. ಅರ್ಜಿ ಬರೆದು ಅವರ ಮೇಜಿನ ಮೇಲಿಟ್ಟೆ. ಸಹಿ ಆಗಲಿಲ್ಲ. ಇನ್ನೊಮ್ಮೆ ಬರೆದುಕೊಟ್ಟೆ. ಮೂರನೆಯ ಸಲ ಕೇಳಿದಾಗ ಅವರ ಸಹಾಯಕಿ, "ನೋಡೂಣು ಅಂದಾರ್ರಿ" ಎಂದಳು. ಆ ಮಾತಿಗೆ ನಮ್ಮ ಕಡೆ ಇರುವ ಅರ್ಥ ಎಲ್ಲರಿಗೂ ಗೊತ್ತು.

ಕೊನೆಗೆ ನನ್ನ ಕೈಲಾದದ್ದನ್ನು ಮಾಡಿದೆ. ಇಳಿಯಬೇಡಿ ಎನ್ನಲು ವಿಮಾನ ಹಾರಿಸುವವರೆಲ್ಲ ಬಲ್ಲ ಒಂದು ನಿಶಾನೆಯಿದೆ: ಕೆಂಪು ಚೌಕ, ಅದರ ಮೇಲೆ ಹಳದಿಯ ಗುಣಾಕಾರದ ಗುರುತು. ತಮ್ಮನ ಹತ್ತಿರ ಕೆಂಪು, ಹಳದಿ ಬಟ್ಟೆಯ ತುಂಡುಗಳನ್ನು ಇಸಿದುಕೊಂಡು ಮನೆಗೆ ತಂದೆ. ಹೆಂಡತಿ ಎರಡು ದಿನ ಕೂತು ಹೊಲಿದಳು.

"ಏನ್ರಿ ಇದು, ಯಾವ ದೇವರ ನಿಶಾನಿ?" ಎಂದು ಕೇಳಿದಳು.

"ದೇವರದಲ್ಲ. ಬರಬ್ಯಾಡ ಅನ್ನೋದು."

"ಆಸ್ಪತ್ರಿಗೆ ಬಂದವರಿಗೆ ಬರಬ್ಯಾಡ ಅಂತಾರೇನ್ರಿ?" ಎಂದು ನಕ್ಕಳು. ನಾನೂ ನಕ್ಕೆ.

ಕಬ್ಬು ಅರೆಯುವ ಹಂಗಾಮು ನಡುವಿನಲ್ಲಿದ್ದಾಗ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಉಗಿಯ ಕೊಳವೆ ಒಡೆಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರನ್ನು ನಮ್ಮಲ್ಲಿಗೆ ತಂದರು. ಒಬ್ಬರು ಬೇರೆ ರಾಜ್ಯದಿಂದ ಬಂದಿದ್ದ ಎಂಜಿನಿಯರು. ಇನ್ನೊಬ್ಬ ಬಾಯ್ಲರ್ ಮನೆಯ ಕೆಲಸಗಾರ, ಗಲಗಲಿಯವನು, ಮೂವತ್ತು ದಾಟಿರಲಿಲ್ಲ. ಕುರಿ ಕಾಯುವ ಮನೆತನ ಅವರದು. ಆ ಮನೆಯಲ್ಲಿ ತಿಂಗಳ ಪಗಾರದ ಕೆಲಸಕ್ಕೆ ಸೇರಿದವನು ಅವನೊಬ್ಬನೇ. ಅವನ ತಾಯಿಯೂ ಅಣ್ಣನೂ ಬಂದು ತುರ್ತು ವಿಭಾಗದ ಬಾಗಿಲ ಹತ್ತಿರ ಕೂತರು. ಅಣ್ಣನ ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಕುರಿ ಬಿಟ್ಟು ನೇರ ಬಂದಿದ್ದ. ತಾಯಿ ಅಳಲಿಲ್ಲ. ಬೀರಪ್ಪ ದೇವರ ಭಂಡಾರ, ಅರಿಸಿನದ ಪುಡಿ, ಕಟ್ಟಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಒಳಗೆ ಹೋಗಿ ಮಗನ ಹಣೆಗೆ ಹಚ್ಚುತ್ತೇನೆಂದಳು. ಹಣೆಗೆ ಹಚ್ಚಲು ಚರ್ಮವಿಲ್ಲ ಎಂದು ನರ್ಸಿಗೆ ಹೇಳಲಾಗಲಿಲ್ಲ. "ಆಮ್ಯಾಲ ಹಚ್ಚೂಣವ್ವಾ" ಎಂದಳು.

ಇಬ್ಬರನ್ನೂ ಸುಟ್ಟಗಾಯದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ರಸ್ತೆಯ ಕುಲುಕಾಟವನ್ನು ತಡೆಯಲಾರರು ಎಂದು ಡಾಕ್ಟರು ಹೇಳಿದರು. ಎಂಜಿನಿಯರರ ಮನೆಯವರು ಬೆಂಗಳೂರಿನಿಂದ ಒಂದು ಹೆಲಿಕಾಪ್ಟರ್ ತರಿಸಿದರು. ಕಾರ್ಖಾನೆಯವರು ತಮ್ಮ ಕೆಲಸಗಾರನಿಗೆ ಪುಣೆಯ ಕಡೆಯಿಂದ ಇನ್ನೊಂದನ್ನು ಗೊತ್ತುಮಾಡಿದರು. ಅವರಿಗೆ ಇವರದು ತಿಳಿಯದು, ಇವರಿಗೆ ಅವರದು ತಿಳಿಯದು. ನಮ್ಮ ಪ್ಯಾಡಿಗೆ ದೀಪವಿಲ್ಲ. ಹಾಗಾಗಿ ಎರಡೂ ಸೂರ್ಯ ಮುಳುಗುವ ಮುಂಚೆ ಬಂದು ಹಾರಿಹೋಗಬೇಕು.

ನನಗೆ ಇದು ಗೊತ್ತಾದದ್ದು ಸಂಜೆ ಐದರ ಸುಮಾರಿಗೆ, ಎರಡು ಅಂಬ್ಯುಲೆನ್ಸ್‌ಗಳು ಒಂದರ ಹಿಂದೊಂದು ಪ್ಯಾಡಿನ ಗೇಟಿಗೆ ಬಂದು ನಿಂತಾಗ. ಎರಡೂ ಕಂಪನಿಗಳ ಕಚೇರಿಗೆ ಫೋನ್ ಮಾಡಿದೆ. ಒಬ್ಬರು ಐದೂವರೆ ಎಂದರು. ಇನ್ನೊಬ್ಬರೂ ಐದೂವರೆ ಎಂದರು.

"ಪೈಲಟ್‌ಗೆ ತಿಳಿಸಿ, ಇನ್ನೊಂದು ಬರ್ತಾ ಇದೆ ಅಂತ," ಎಂದು ಬೇಡಿಕೊಂಡೆ.

"ಆಕಾಶದಲ್ಲಿದ್ದಾರೆ ಸರ್. ಅಲ್ಲಿ ಮೊಬೈಲ್ ಸಿಗಲ್ಲ," ಎಂದಳು ಬೆಂಗಳೂರಿನ ಹುಡುಗಿ. ಅವಳ ದನಿಯಲ್ಲಿ ಕನಿಕರವಿತ್ತು. ಪುಣೆಯವರು ಪ್ರಯತ್ನಿಸುತ್ತೇವೆ ಎಂದು ಫೋನ್ ಇಟ್ಟರು.

ಆ ಸಂಜೆ ಯಾರೋ ಹೊಲದಲ್ಲಿ ಕಬ್ಬಿನ ರವದಿಗೆ, ಕಟಾವಾದ ಮೇಲೆ ಉಳಿದ ಒಣ ಎಲೆಗೆ, ಬೆಂಕಿ ಹಚ್ಚಿದ್ದರು. ಹೊಗೆ ತೆಳ್ಳಗೆ ನೆಲದ ಮೇಲೆ ಹರಡಿತ್ತು. ಸೂರ್ಯ ಪಡುವಣದಲ್ಲಿ ಕೆಂಪಗೆ, ಕಬ್ಬಿನ ಸುಳಿಗಳಿಗೆ ತಾಗುವಷ್ಟು ಕೆಳಗಿದ್ದ. ಮೊದಲು ಬೀಳಗಿಯ ಕಡೆಯಿಂದ ಸದ್ದು ಕೇಳಿತು. ತಿರುಗಿ ನೋಡಿದೆ, ಮೂಡಣದಲ್ಲಿ ಒಂದು ಚುಕ್ಕೆ. ಆ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಮಗ್ಗದ ಮನೆಯಲ್ಲಿ ಬೆಳೆದವನಿಗೆ ಎರಡು ಯಂತ್ರಗಳ ಬಡಿತ ಬೇರೆ ಮಾಡಿ ಕೇಳುವುದು ಕಷ್ಟವಲ್ಲ. ಪಡುವಣಕ್ಕೆ ತಿರುಗಿದೆ. ಸೂರ್ಯನ ಪಕ್ಕದಲ್ಲೇ ಎರಡನೆಯದು. ಎರಡೂ ಒಂದೇ ಎತ್ತರದಲ್ಲಿದ್ದವು. ಎದುರುಬದುರು. ನಡುವೆ ನಾನು, ನನ್ನ ಪ್ಯಾಡು.

ಮೂಡಣದಿಂದ ಬರುವವನ ಕಣ್ಣಿಗೆ ನೇರ ಸೂರ್ಯ. ಅವನಿಗೆ ಎದುರಿನದು ಕಾಣುವುದಿಲ್ಲ, ನಾನು ಏನು ತೋರಿಸಿದರೂ ಕಾಣುವುದಿಲ್ಲ. ಪಡುವಣದವನ ಬೆನ್ನಿಗೆ ಸೂರ್ಯ. ಎದುರಿನ ಹೊಗೆಯಲ್ಲಿ ಬೂದು ಬಣ್ಣದ ಹೆಲಿಕಾಪ್ಟರ್ ಕಾಣದಿದ್ದರೂ ನೆಲದ ಕೆಂಪು ಬಟ್ಟೆ ಅವನಿಗೆ ಕಾಣಬಹುದು. ಇಷ್ಟೇ ನನ್ನ ಲೆಕ್ಕ. ಯಾವುದರಲ್ಲಿ ಯಾರು ಹೋಗಬೇಕು ಎಂಬುದು ನನ್ನ ತಲೆಯಲ್ಲಿ ಇರಲೇ ಇಲ್ಲ. ದೇವರಾಣೆ ಇರಲಿಲ್ಲ.

ಗಾರ್ಡುಗಳಿಬ್ಬರನ್ನು ಕೂಗಿ ಕರೆದು, ಪ್ಯಾಡಿನ ಪಡುವಣದ ಬಯಲಿನಲ್ಲಿ ಆ ಬಟ್ಟೆಯನ್ನು ಬಿಚ್ಚಿ ಹಾಸಿದೆವು. ಮೂಲೆಗಳಿಗೆ ಕಲ್ಲು ಹೇರಿದೆವು. ನಾನು ಅದರ ಮುಂದೆ ನಿಂತು ಎರಡೂ ಕೈ ಎತ್ತಿ ಅಡ್ಡಡ್ಡ ಬೀಸಿದೆ. ಅದು ಬರುತ್ತಲೇ ಇತ್ತು. ಗಾಜಿನ ಹಿಂದೆ ಪೈಲಟ್‌ನ ಬಿಳಿ ಹೆಲ್ಮೆಟ್ ಕಾಣುವಷ್ಟು ಹತ್ತಿರ ಬಂತು. ಆಮೇಲೆ ಮೂತಿ ಮೇಲೆತ್ತಿ ಎಡಕ್ಕೆ ಹೊರಳಿತು. ನನ್ನ ಬೆನ್ನ ಹಿಂದಿನಿಂದ ಬೆಂಗಳೂರಿನದು ಬಂದು ನೇರ ಪ್ಯಾಡಿನ ಮೇಲೆ ಕೂತಿತು.

ಮೇಲೆ ಹೋದದ್ದು ಒಂದು ಸುತ್ತು ಹಾಕಿತು. ನಾನು ಬಟ್ಟೆ ಸುತ್ತಿ ತೆಗೆದು, ಕಾಯಿ, ಕಾಯಿ ಎಂದು ಕೈ ಮಾಡಿದೆ. ಗೋಪುರದಲ್ಲಾಗಿದ್ದರೆ ಕೆಂಪು ದೀಪ ತೋರಿಸಿ ಕಾಯಿಸಬಹುದಿತ್ತು. ರೇಡಿಯೋ ಇದ್ದರೆ ಮೂರು ಶಬ್ದದ ಮಾತು. ಬಟ್ಟೆಗೆ ಗೊತ್ತಿದ್ದದ್ದು ಇಳಿಯಬೇಡ ಎನ್ನುವುದೊಂದೇ. ಎಂಜಿನಿಯರರನ್ನು ಕೊಳವೆ, ಸಿಲಿಂಡರುಗಳ ಸಮೇತ ಒಳಗೆ ಮಲಗಿಸುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ಇನ್ನೊಂದು ಅಷ್ಟು ಹೊತ್ತು ನಿಲ್ಲಲಿಲ್ಲ. ಬೆಳಕು ಹೋಗುತ್ತಿತ್ತು, ಎಣ್ಣೆಯೂ ತೀರುತ್ತಿತ್ತೇನೋ. ಬೆಳಗಾವಿಯ ಕಡೆ ಮುಖ ಮಾಡಿ ಹೋಯಿತು.

ಗೇಟಿನ ಹತ್ತಿರ ನಿಂತಿದ್ದ ಎರಡನೆಯ ಅಂಬ್ಯುಲೆನ್ಸನ್ನು ಹಿಂದಕ್ಕೆ ತಿರುಗಿಸಿದರು. ರಸ್ತೆಯ ಮೇಲೆ ಬೆಳಗಾವಿಗೆ ಒಯ್ಯೋಣವೇ ಎಂದು ಕೇಳಿದ್ದಕ್ಕೆ ಡಾಕ್ಟರು ಬೇಡವೆಂದು ತಲೆಯಾಡಿಸಿ, ಬೆಳಕು ಹರಿಯುತ್ತಲೇ ಹೆಲಿಕಾಪ್ಟರ್ ಬರುತ್ತದೆ, ಅಲ್ಲಿಯವರೆಗೆ ಜೀವ ಹಿಡಿದಿಡೋಣ ಎಂದರು.

ಬೆಳಕು ಹರಿಯುತ್ತಲೇ ಅದು ಬಂತು. ಅದಕ್ಕೆ ಸ್ವಲ್ಪ ಮುಂಚೆ ಗಲಗಲಿಯ ಹುಡುಗ ತೀರಿಹೋಗಿದ್ದ. ಹೊರಟ ಹೆಲಿಕಾಪ್ಟರಿಗೆ ಸುದ್ದಿ ಮುಟ್ಟಿಸಲು ದಾರಿಯಿಲ್ಲದ್ದರಿಂದ ಅದು ಬಂದು ಇಳಿಯಿತು. ಪೈಲಟ್‌ಗೆ ನಾನೇ ಹೋಗಿ ಹೇಳಿದೆ. ಅವನು ಹೆಲ್ಮೆಟ್ ತೆಗೆದು ಮೆಟ್ಟಿಲ ಮೇಲೆ ಕೂತ. ಹಿಂದಿಯಲ್ಲಿ ಕೇಳಿದ: "ನಿನ್ನೆ ಯಾಕೆ ಓಡಿಸಿದಿರಿ?"

"ಎದುರಿಗೆ ಇನ್ನೊಂದು ಬರುತ್ತಿತ್ತು."

"ಹೊರಳುವ ತನಕ ನನಗೆ ಕಾಣಲಿಲ್ಲ. ಹೊರಳಿದ ಮೇಲೂ ದೂರ ಇತ್ತು ಅನ್ನಿಸಿತು. ಬಹುಶಃ ಕೊನೆಗಳಿಗೆಯಲ್ಲಿ ನೋಡಿಬಿಡುತ್ತಿದ್ದೆ." ಹೆಲ್ಮೆಟ್ ಕೆಳಗಿಟ್ಟು, "ಬಹುಶಃ ನೋಡುತ್ತಿರಲಿಲ್ಲ. ಹೇಗೆ ಹೇಳಲಿ?" ಎಂದ. ಚಹಾ ಕೂಡ ಕುಡಿಯದೆ ಖಾಲಿ ಹೆಲಿಕಾಪ್ಟರ್ ಹಾರಿಸಿಕೊಂಡು ಹೋದ.

ಆ "ಬಹುಶಃ" ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಡಿಕ್ಕಿ ಆಗಿದ್ದರೆ ಊರಿಗೆಲ್ಲ ಕಾಣುತ್ತಿತ್ತು. ಆಗದೇ ಹೋದ ಡಿಕ್ಕಿಯನ್ನು ಕಂಡವನು ನಾನೊಬ್ಬನೇ. ಆದರೆ ಸತ್ತವನನ್ನು ಎಲ್ಲರೂ ಕಂಡರು. ಹೆಣ ಗಲಗಲಿ ಮುಟ್ಟುವ ಮುಂಚೆಯೇ ಮಾತು ಹುಟ್ಟಿತ್ತು: ದೊಡ್ಡ ಸಾಹೇಬರ ಹೆಲಿಕಾಪ್ಟರ್ ಇಳಿಸಿಕೊಂಡರು, ಕುರುಬರ ಹುಡುಗನದನ್ನು ಬಟ್ಟೆ ತೋರಿಸಿ ಓಡಿಸಿದರು.

ತಾಯಿ ಅಂಬ್ಯುಲೆನ್ಸ್ ಹತ್ತುವ ಮುಂಚೆ ನನ್ನ ಹತ್ತಿರ ಬಂದಳು.

"ಯಪ್ಪಾ, ಎರಡು ಬಂದಿದ್ದು ಖರೆ ಏನು?"

"ಖರೆ ಅವ್ವಾ."

"ಮತ್ತ ನನ್ನ ಮಗಂದು ಯಾಕ ಹೊಳ್ಳಿ ಹೋತು?"

ನಾನು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದೆ, ಹೀಗೆ ಬರುತ್ತಿದ್ದವು, ಹೀಗೆ ಬಡಿಯುತ್ತಿದ್ದವು ಎಂದು. ಅವಳು ನನ್ನ ಕೈಗಳನ್ನೇ ನೋಡಿದಳು.

"ಬಡೀಲಿಲ್ಲಲ್ಲೋ ಯಪ್ಪಾ," ಎಂದಳು.



ಆಸ್ಪತ್ರೆಯಲ್ಲಿ ವಿಚಾರಣೆ ಎಂಬಂಥದ್ದು ನಡೆಯಿತು. ಹೆಲಿಕಾಪ್ಟರ್ ತಡೆಯುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ದೊಡ್ಡ ಡಾಕ್ಟರು ಕೇಳಿದರು. ನಾನು ಹಳೆಯ ಅರ್ಜಿಯ ಪ್ರತಿಯನ್ನು ಮುಂದಿಟ್ಟು, ಈಗಲಾದರೂ ಸಹಿ ಮಾಡಿರಿ ಎಂದೆ. ಒಂದು ರೇಡಿಯೋ, ಕಾಯಲು ಎರಡು ಜಾಗ, ಹೊರಡುವ ಮುಂಚೆ ಒಂದು ಫೋನ್. ಇಷ್ಟಿದ್ದರೆ ಇಬ್ಬರೂ ಹೋಗುತ್ತಿದ್ದರು ಎಂದೆ. ಅವರು ಬಹಳ ಹೊತ್ತು ಓದಿದರು. ಮರುವಾರ ಪ್ಯಾಡನ್ನೇ ಮುಚ್ಚುವ ಆದೇಶ ಬಂತು. ಈಗ ಅಲ್ಲಿ ಸೋಲಾರ್ ಫಲಕಗಳನ್ನು ನಿಲ್ಲಿಸಿದ್ದಾರೆ. ನಾಲ್ಕು ತಾಲ್ಲೂಕಿನ ಯಾವ ಆಸ್ಪತ್ರೆಯ ಮೇಲೂ ಇನ್ನು ಹೆಲಿಕಾಪ್ಟರುಗಳು ಡಿಕ್ಕಿ ಹೊಡೆಯಲಾರವು. ಎಂಜಿನಿಯರರೂ ಬದುಕಲಿಲ್ಲವೆಂದು ಯಾರೋ ಹೇಳಿದರು. ಕೇಳಿ ಖಾತ್ರಿ ಮಾಡಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಆ ತಿಂಗಳೇ ಕೆಲಸ ಬಿಟ್ಟೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಜಮಖಂಡಿಗೆ ಹೋಗಿ, ಅಲ್ಲಿಂದ ಗಲಗಲಿಯ ಬಸ್ಸು ಹತ್ತಿದೆ. ಯಾಕೆ ಹೋದೆನೋ ತಿಳಿಯದು. ಕ್ಷಮೆ ಕೇಳಲು ಹೋದೆನೋ, ನನ್ನದು ತಪ್ಪಿಲ್ಲ ಎಂದು ಹೇಳಲು ಹೋದೆನೋ. ಸತ್ತವನ ಅಣ್ಣ ಹೊಳೆದಂಡೆಯಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ. ನನ್ನ ಗುರುತು ಹಿಡಿದ. ಕಂಬಳಿ ಹಾಸಿ ಕೂರಿಸಿದ. ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ: ಸೂರ್ಯ, ಹೊಗೆ, ಒಂದೇ ಎತ್ತರ.

"ನನಗ ಗೊತ್ತೈತ್ರಿ," ಎಂದ ಅವನು. "ನಾನೂ ಗೇಟಿನ ಕಡೆ ನಿಂತಿದ್ದೆ. ಎರಡೂ ಬರೋದ ನೋಡೀನಿ. ಬಡೀತಿದ್ದೂ ಅಂತ ನನಗೂ ಅನಸೈತಿ."

ಇಷ್ಟು ತಿಂಗಳಲ್ಲಿ ಆ ಮಾತನ್ನು ಹೇಳಿದ ಮೊದಲ ಮನುಷ್ಯ ಅವನು. ನನಗೆ ಅಳು ಬಂತು.

"ಹಂಗಂದ್ರ ಅವ್ವಗ ಒಂದು ಮಾತು ಹೇಳಪ್ಪಾ," ಎಂದೆ.

ಅವನು ಹೊಳೆಗಿಳಿಯುತ್ತಿದ್ದ ಕುರಿಯೊಂದನ್ನು ಕೂಗಿ ಹಿಂದಕ್ಕೆ ಕರೆದ. "ಹೇಳಂಗಿಲ್ರಿ. ಅವ್ವ ಮೂರು ತಿಂಗಳು ಬೀರಪ್ಪಗ ಬಯ್ಕೋತ ಕುಂತಿದ್ಲು. ಉಣಲಿಲ್ಲ, ಗುಡಿ ಕಡಿ ಹೊಳ್ಳಿ ನೋಡಲಿಲ್ಲ. ಈಗ ನಿಮಗ ಬಯ್ತಾಳ. ಬಯ್ದು ಒಂದು ತುತ್ತು ಉಣತಾಳ. ಸಿಟ್ಟಾಗಬ್ಯಾಡ್ರಿ ಸಾಹೇಬ್ರ, ನೀವ ಓಡಿಸಿದ್ರಿ ಅಂತ ಇರಲಿ ಬಿಡ್ರಿ. ಆಕಿಗೆ ಯಾರರ ಒಬ್ರು ಬೇಕು."

"ಆತು," ಎಂದೆ.

ಮನೆಗೆ ಬಂದು ಉಣ್ಣಲು ಕರೆದ. ಅವನ ತಾಯಿ ಇರುವ ಮನೆಗೆ ಹೇಗೆ ಹೋಗಲಿ, ಒಲ್ಲೆ ಎಂದೆ. ಅವನು ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟ. ತಿನ್ನಲು ಆಗಲಿಲ್ಲ, ಅವನ ಮುಂದೆ ಚೆಲ್ಲಲೂ ಆಗಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಬಸ್ಸಿಗೆ ಕಾದೆ.